ಒಳ್ಳೆಯ ಮಂದಿ ಇರುವ ಬಡಾವಣೆ

ನಲವತ್ತು ದಾಟಿದ ಮನುಷ್ಯನಿಗೆ ಮೂರು ಚಿಂತೆಗಳು ಗಂಟುಬೀಳುತ್ತವೆಂದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದರು: ಕಣ್ಣಿಗೆ ಕನ್ನಡಕ, ಮಗಳಿಗೆ ವರ, ತಲೆಯ ಮೇಲೆ ಸ್ವಂತದ್ದೊಂದು ಸೂರು. ಕನ್ನಡಕ ನನಗೆ ನಲವತ್ತೆರಡಕ್ಕೇ ಬಂದಿತು. ಮಗಳು ಇನ್ನೂ ಪಿ.ಯು.ಸಿ.ಯಲ್ಲಿ ಓದುತ್ತಿದ್ದಾಳೆ, ವರನ ಚಿಂತೆಯನ್ನು ತಾನೇ ಮಾಡಿಕೊಳ್ಳುವುದಾಗಿ ಮೊದಲೇ ತಿಳಿಸಿದ್ದಾಳೆ. ಹೀಗಾಗಿ ನನ್ನ ಪಾಲಿಗೆ ಉಳಿದದ್ದು ಸೂರು ಒಂದೇ. ಇಪ್ಪತ್ತು ವರ್ಷ ಬಾಡಿಗೆಯ ಮನೆಗಳಲ್ಲಿ ಕಳೆದವನು ಸ್ವಂತ ಮನೆಯ ಮಾತು ತೆಗೆದದ್ದೇ ತಡ, ಮನೆಯಲ್ಲಿ ಪ್ರಶ್ನೆಗಳ ಸುರಿಮಳೆಯಾಯಿತು. ಅವ್ವನ ಪ್ರಶ್ನೆ, ಗುಡಿ ಹತ್ತಿರವಿದೆಯೆ? ಹೆಂಡತಿಯ ಪ್ರಶ್ನೆ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬೆಂಗಳೂರಿನಿಂದ ಬಂದಿದ್ದ ಭಾವಮೈದುನನು ಇವೆರಡನ್ನೂ ಕೈಯಿಂದ ತಳ್ಳಿಹಾಕಿ, “ಅದೆಲ್ಲ ಆಮೇಲೆ. ಮೊದಲು ಏರಿಯಾ ಹೇಗಿದೆ ಕೇಳಿ. ಸೇಫ್ ಇದೆಯೋ ಇಲ್ಲವೋ?” ಎಂದನು.

ಈ ಪ್ರಶ್ನೆ ನ್ಯಾಯವಾದದ್ದೇ. ಜೀವಮಾನದ ಗಳಿಕೆಯನ್ನು ಒಂದು ತುಂಡು ನೆಲಕ್ಕೆ ಸುರಿಯುವವನು ಅಲ್ಲಿ ರಾತ್ರಿ ನಿದ್ರೆ ಬರುತ್ತದೆಯೆ ಎಂದು ಕೇಳದೆ ಇನ್ನೇನು ಕೇಳಬೇಕು? ಆದರೆ ಅದನ್ನು ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದು ನಾವು ತಿಳಿದಷ್ಟು ಸುಲಭವಲ್ಲ. ನನಗೆ ಅದು ತಿಳಿಯಲು ಒಂಬತ್ತು ವರ್ಷ ಬೇಕಾಯಿತು. ಆ ಕತೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ನಾನಿರುವುದು ಕಲಬುರಗಿ ಜಿಲ್ಲೆಯ ಒಂದು ಊರಿನಲ್ಲಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನಡುವೆ ಎಲ್ಲಿಯೋ ಒಂದು ಕಡೆ ಎಂದುಕೊಳ್ಳಿ. ಊರಿನ ಹೆಸರು ಬೇಡ. ಏಕೆಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ. ಈ ಸೀಮೆಯೆಲ್ಲ ಕಲ್ಲಿನದು. ನೆಲವನ್ನು ಎರಡು ಮೊಳ ಕೆದಕಿದರೆ ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಹಾಸಿಕೊಂಡ ಸುಣ್ಣಕಲ್ಲು. ನಾಡಿನ ಎಷ್ಟೋ ಅಡುಗೆಮನೆಗಳ ನೆಲಕ್ಕೆ, ರೈಲು ನಿಲ್ದಾಣಗಳ ಕಟ್ಟೆಗಳಿಗೆ ಹಾಸಿರುವ ಶಹಾಬಾದ ಫರಸಿ ಇದೇ. ಇದೇ ಕಲ್ಲನ್ನು ಸುಟ್ಟು ಅರೆದು ಸಿಮೆಂಟು ಮಾಡುವ ಕಾರ್ಖಾನೆಗಳ ಚಿಮಣಿಗಳು ವಾಡಿಯಲ್ಲಿ, ಸೇಡಮಿನಲ್ಲಿ, ಮಳಖೇಡದ ಬಳಿಯಲ್ಲಿ ಆಕಾಶಕ್ಕೆ ಬೆರಳು ಮಾಡಿ ನಿಂತಿವೆ. ಕಾರ್ಖಾನೆಗಳ ಕಾಲೋನಿಗಳಿಗೆ ಗೇಟು ಉಂಟು, ಕಾವಲುಗಾರರುಂಟು, ಒಳಗೆ ಹೋಗುವವರ ಹೆಸರು ಬರೆದುಕೊಳ್ಳುವ ಪುಸ್ತಕವುಂಟು. ಗೇಟಿನ ಹೊರಗಿರುವ ನಮ್ಮಂಥವರಿಗೆ ಬೀಗವೇ ಗತಿ.

ಕಳೆದ ವರ್ಷ ಒಬ್ಬ ಏಜೆಂಟನು ನಮ್ಮನ್ನು ಊರ ಹೊರಗಿನ ಹೊಸ ಬಡಾವಣೆಗೆ ಕರೆದುಕೊಂಡು ಹೋದನು. ಕೆಂಪು ಬಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು. ಒಂದೊಂದು ಕಲ್ಲಿಗೂ ಒಂದೊಂದು ನಂಬರು. ಭಾವಮೈದುನನು ಕಲಿಸಿಕೊಟ್ಟ ಪ್ರಶ್ನೆಯನ್ನು ನಾನು ಒಪ್ಪಿಸಿದೆ.

“ಏನ್ ಕಾಳಜಿ ಮಾಡಬ್ಯಾಡ್ರಿ ಸರ,” ಎಂದನು ಏಜೆಂಟ. “ಎಲ್ಲಾ ಒಳ್ಳೆ ಮಂದಿ ತೊಗೊಂಡಾರ. ನೌಕರಿ ಮಂದಿ, ಬ್ಯಾಂಕಿನವ್ರು, ನಿಮ್ಮಂಥಾ ಮಾಸ್ತರಮಂದಿ.”

ನನ್ನ ಹೆಂಡತಿ ಹಳ್ಳದ ಆಚೆ ದಂಡೆಗೆ ಕೈಮಾಡಿ, “ಅಲ್ಲೇನ್ರಿ ಅದು?” ಎಂದು ಕೇಳಿದಳು. ಒಂದಿಪ್ಪತ್ತು ತಗಡಿನ ಮನೆಗಳು ಕಾಣುತ್ತಿದ್ದವು. ಒಂದು ಕಡೆ ಹೊಗೆ ಏಳುತ್ತಿತ್ತು. ಎಲ್ಲಿಯೋ ಕಲ್ಲಿಗೆ ಉಳಿ ಬೀಳುವ ಸದ್ದು.

“ಅವ್ರಾ? ಖಣಿಯಾಗ ಕೆಲಸ ಮಾಡೋ ಮಂದಿ,” ಎಂದು ಏಜೆಂಟ ದನಿ ತಗ್ಗಿಸಿದನು. “ಅದರ ಚಿಂತಿ ನಿಮಗ ಬ್ಯಾಡ. ಹಳ್ಳದ ಗುಂಟ ಏಳು ಫೂಟಿನ ಗ್ವಾಡಿ ಎಬ್ಬಿಸ್ತೀವಿ, ಮ್ಯಾಲ ಗಾಜಿನ ಚೂರು. ಆ ಮಂದಿ ಈ ಕಡೆ ಹಣಿಕಿ ಸುದ್ದಾ ಹಾಕಂಗಿಲ್ಲ.”

ಹೆಂಡತಿ ನನ್ನ ಮುಖ ನೋಡಿದಳು. ನಾನು ಆಕೆಯ ಮುಖವನ್ನು ನೋಡಲಿಲ್ಲ. ಆ ತಗಡಿನ ಮನೆಗಳಲ್ಲಿ ಒಂದನ್ನು ನಾನು ಬಲ್ಲೆ. ಅದರ ಒಳಗೆ ಕುಳಿತು ಒಂದು ಲೋಟ ನೀರು ಕುಡಿದಿದ್ದೇನೆ. ಆ ನೀರು ಗಂಟಲಿನಲ್ಲಿ ಇಳಿಯಲು ಬಹಳ ಹೊತ್ತು ಹಿಡಿದಿತ್ತು.

ಒಂಬತ್ತು ವರ್ಷಗಳ ಹಿಂದಿನ ಮಾತು. ಬೇಸಗೆಯ ರಜೆಯಲ್ಲಿ ಸೇಡಮಿನಲ್ಲಿ ನಮ್ಮ ಬೀಗರ ಮನೆಯ ಮದುವೆ. ನಾಲ್ಕು ದಿನ ಕಳೆದು ಹಿಂತಿರುಗಿದರೆ ಬಾಗಿಲಿನ ಕೊಂಡಿ ಕಿತ್ತು ನೇತಾಡುತ್ತಿತ್ತು. ಕಪಾಟಿನ ಬಟ್ಟೆಗಳೆಲ್ಲ ನೆಲದ ಮೇಲೆ. ಅವ್ವನ ಬೋರಮಾಳ, ಹೆಂಡತಿಯ ಎರಡು ಪಾಟಲಿ, ಪುಸ್ತಕದ ನಡುವೆ ಇಟ್ಟಿದ್ದ ಹದಿನಾಲ್ಕು ಸಾವಿರ ರೂಪಾಯಿ ಎಲ್ಲವೂ ಹೋಗಿದ್ದವು. ಪುಸ್ತಕಗಳನ್ನು ಮಾತ್ರ ಒಂದೂ ಬಿಡದೆ ಉಳಿಸಿ ಹೋಗಿದ್ದರು. ಅವ್ವ ಅಳಲಿಲ್ಲ. ಕೊರಳಿಗೆ ಕೈಹಾಕಿಕೊಂಡು ಮೂಲೆಯಲ್ಲಿ ಕುಳಿತಳು. ಕಳ್ಳತನವೆಂದರೆ ಬರಿಯ ವಸ್ತುವಿನ ನಷ್ಟವಲ್ಲವೆಂಬುದು ಅನುಭವಿಸಿದವರಿಗೇ ಗೊತ್ತು. ಯಾರದೋ ಕೈ ನಮ್ಮ ಹಾಸಿಗೆಯನ್ನು ಮುಟ್ಟಿದೆ, ಯಾರೋ ನಮ್ಮ ಅಡುಗೆಮನೆಯಲ್ಲಿ ನಿಂತಿದ್ದರು ಎಂಬ ಎಣಿಕೆ ತಿಂಗಳುಗಟ್ಟಲೆ ಮನೆಯಲ್ಲಿ ನಮ್ಮೊಡನೆ ಬಾಡಿಗೆಗೆ ಇರುತ್ತದೆ.

ಠಾಣೆಗೆ ಹೋದೆ. ಅಲ್ಲಿಯವರು ಕೇಳಿದ ಮೊದಲ ಪ್ರಶ್ನೆ: “ಯಾರ ಮ್ಯಾಲರ ಸಂಶಯ ಅದ ಏನ್ರಿ ಸರ?”

ಆ ಗಳಿಗೆಯವರೆಗೆ ನನಗೆ ಯಾರ ಮೇಲೂ ಸಂಶಯವಿರಲಿಲ್ಲ. ಪ್ರಶ್ನೆ ಬಂದ ಮೇಲೆ ಉತ್ತರವನ್ನು ಹುಡುಕಿದೆ. ಪರೀಕ್ಷೆ ನಡೆಸಿ ನಡೆಸಿ ಬಂದ ಅಭ್ಯಾಸವೋ ಏನೋ, ಪ್ರಶ್ನೆಯನ್ನು ಖಾಲಿ ಬಿಡುವುದು ನನಗೆ ಆಗದು. ಹದಿನೈದು ದಿನಗಳ ಹಿಂದೆ ಹಿತ್ತಲಿಗೆ ಫರಸಿ ಹಾಸಲು ಒಬ್ಬ ಹುಡುಗ ಬಂದಿದ್ದ. ಹತ್ತೊಂಬತ್ತರ ವಯಸ್ಸು. ಹಳ್ಳದ ಆಚೆಯವನು. ಕೆಲಸ ಮುಗಿಸಿ ಹೋಗುವಾಗ, “ಸರ, ಊರಿಗೆ ಯಾವಾಗ ಹೋಗ್ತೀರಿ?” ಎಂದು ಕೇಳಿದ್ದ. ಈಗ ಆ ಮಾತು ಕಿವಿಯಲ್ಲಿ ಬೇರೆಯಾಗಿ ಕೇಳಿಸಿತು. ಅವನ ಹೆಸರನ್ನೂ ಅವನಾಡಿದ ಮಾತನ್ನೂ ದೂರಿನಲ್ಲಿ ಬರೆದುಕೊಟ್ಟೆ. ಎಂ.ಎ. ಓದಿದ ಕೈ, ಅಲ್ಪವಿರಾಮ, ಪೂರ್ಣವಿರಾಮಗಳ ಸಹಿತ ಒಂದು ಪುಟ. ಮೇಜಿನ ಆಚೆ ಕುಳಿತಿದ್ದವರು ಓದಿ, ಇಷ್ಟು ಚೆನ್ನಾಗಿ ಬರೆದ ದೂರು ತಮ್ಮ ಠಾಣೆಗೆ ಬಂದಿರಲಿಲ್ಲವೆಂದು ಹೊಗಳಿದರು. ಆ ದುಃಖದಲ್ಲಿಯೂ ನನಗೆ ಸ್ವಲ್ಪ ಸಂತೋಷವಾಯಿತೆಂಬುದನ್ನು ಮರೆಮಾಚಲಾರೆ.

ಅಂದು ಸಂಜೆಯೇ ಹುಡುಗನನ್ನು ಕರೆದೊಯ್ದರು. ಮನೆಗೆ ಬಿಟ್ಟದ್ದು ಮೂರನೆಯ ದಿನ. ಹಿಡಿದವನನ್ನು ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಅದನ್ನು ನಾನು ಬಲ್ಲೆ. ಗಣರಾಜ್ಯೋತ್ಸವದ ದಿನ ಅದರ ಮೇಲೆ ಭಾಷಣ ಮಾಡಿದ್ದೇನೆ. ಆ ಮೂರು ದಿನಗಳಲ್ಲಿ ಅದು ನನಗೆ ಒಮ್ಮೆಯೂ ನೆನಪಿಗೆ ಬರಲಿಲ್ಲ. ಹುಡುಗ ಆಮೇಲೆ ಒಂದು ತಿಂಗಳು ಬಲಗೈಯಲ್ಲಿ ಸುತ್ತಿಗೆ ಹಿಡಿಯಲಿಲ್ಲವೆಂದು ಯಾರೋ ಹೇಳಿದರು. ಅದಕ್ಕೆ ನಾನು, ಪೆಟ್ಟು ಬೀಳದೆ ಯಾರು ನಿಜ ಹೇಳುತ್ತಾರೆ, ಎಂದೆನಂತೆ. ನನಗೆ ನೆನಪಿಲ್ಲ. ಹೆಂಡತಿಗೆ ನೆನಪಿದೆ.

ನಾಲ್ಕು ತಿಂಗಳಾದ ಮೇಲೆ ನಿಜವಾದ ಕಳ್ಳ ಬೇರೊಂದು ಜಿಲ್ಲೆಯಲ್ಲಿ ಸಿಕ್ಕಿಬಿದ್ದ. ಅವನು ನಮ್ಮ ಬೀದಿಯಲ್ಲಿಯೇ, ನಮ್ಮಿಂದ ಎರಡು ಮನೆ ಆಚೆಗೆ, ಐದು ತಿಂಗಳು ಬಾಡಿಗೆಗಿದ್ದವನು. ಇಸ್ತ್ರಿಯ ಅಂಗಿ, ಸೌಮ್ಯವಾದ ಮಾತು. ಯಾವುದೋ ಕಂಪನಿಯಲ್ಲಿ ನೌಕರಿ ಎಂದು ಹೇಳಿಕೊಂಡಿದ್ದ. ನಾವು ಮದುವೆಗೆ ಹೊರಟ ದಿನ ಅವನೇ ಅವ್ವನ ಚೀಲವನ್ನು ಬಸ್ ನಿಲ್ದಾಣದವರೆಗೆ ತಂದುಕೊಟ್ಟಿದ್ದ. ಭಾನುವಾರ ನಮ್ಮ ಮನೆಯಿಂದ ಪತ್ರಿಕೆಯ ಪುರವಣಿಯನ್ನು ಎರವಲು ಒಯ್ಯುತ್ತಿದ್ದ. ಹಿಂದಿರುಗಿಸುವಾಗ ಒಂದೆರಡು ಲೇಖನಗಳ ಮೇಲೆ ಅಭಿಪ್ರಾಯವನ್ನೂ ಹೇಳುತ್ತಿದ್ದ. ಅವನ ಅಭಿಪ್ರಾಯಗಳು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತಿದ್ದವು. ಏಜೆಂಟನ ಮಾತಿನಲ್ಲಿ ಹೇಳುವುದಾದರೆ, ಅವನು ಒಳ್ಳೆಯ ಮಂದಿಗೆ ಸೇರಿದವನು.

ನ್ಯಾಯಾಲಯದಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಬೋರಮಾಳವನ್ನು ಬಿಡಿಸಿಕೊಂಡು ಬಂದೆವು. ಐದು ಗುಂಡು ಕಡಿಮೆಯಾಗಿದ್ದವು. ಪಾಟಲಿ, ಹಣ ಸಿಗಲಿಲ್ಲ. ಅವ್ವ ಗುಂಡುಗಳನ್ನು ಎಣಿಸಿ ಕೊರಳಿಗೆ ಹಾಕಿಕೊಂಡು, ಬಹಳ ಹೊತ್ತಿನ ಮೇಲೆ, “ಆ ಪೋರನ ಪಗಾರ ಕೊಟ್ಟೀಯೇನೋ?” ಎಂದು ಕೇಳಿದಳು.

ಆಗ ನೆನಪಾಯಿತು. ಕೆಲಸದ ಕೂಲಿಯಲ್ಲಿ ಆರುನೂರು ರೂಪಾಯಿ ಬಾಕಿ ಇತ್ತು. ಚಿಲ್ಲರೆ ಇಲ್ಲ, ನಾಳೆ ಬಾ ಎಂದು ಕಳಿಸಿದ್ದೆ. ಅವನು ‘ಊರಿಗೆ ಯಾವಾಗ ಹೋಗ್ತೀರಿ’ ಎಂದು ಕೇಳಿದ್ದು ಅದಕ್ಕಾಗಿ.

ಹಳ್ಳ ದಾಟಿ ಹೋದೆ. ಹುಡುಗನಿರಲಿಲ್ಲ, ಅವನ ತಾಯಿ ಇದ್ದಳು. ನಾನು ಯಾರೆಂದು ಹೇಳಬೇಕಾಗಲಿಲ್ಲ. ಮಣೆ ಹಾಕಿ ನೀರು ಕೊಟ್ಟಳು. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ವಾಕ್ಯಗಳು ಒಂದೂ ಬಾಯಿಗೆ ಬರಲಿಲ್ಲ. ತಪ್ಪಾಯಿತು ಎಂದಷ್ಟೇ ಅಂದು, ಆರುನೂರು ರೂಪಾಯಿ ಮುಂದಿಟ್ಟೆ. ಆಕೆ ಎಣಿಸಿದಳು. ಐವತ್ತರ ನೋಟೊಂದನ್ನು ತೆಗೆದು ನನ್ನ ಕಡೆಗೆ ಸರಿಸಿ, “ಐವತ್ತು ಮೊದಲೇ ಕೊಟ್ಟಿದ್ರಿ ಮಾಸ್ತರ. ಫರಸಿ ಇಳಿಸಿದ ದಿನ,” ಎಂದಳು.

“ಹುಡುಗ ಎಲ್ಲಿ?” ಎಂದೆ.

“ಪುಣೇಕ್ಕ ಹೋಗ್ಯಾನ್ರಿ. ಇಲ್ಲಿ ಯಾರೂ ಮನಿ ಒಳಗ ಕರೀವಲ್ರು.”

ಇಷ್ಟೇ ಮಾತು. ಬೈದಿದ್ದರೆ ಹಗುರಾಗಿ ಬರುತ್ತಿದ್ದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವ್ವ ಸನ್ನತಿಗೆ ಹೋಗಬೇಕೆಂದಳು. ಚಂದ್ರಲಾಂಬೆ ನಮ್ಮ ಮನೆದೇವತೆ. ನಾಲವಾರ ನಿಲ್ದಾಣದಲ್ಲಿ ರೈಲು ಇಳಿದು, ಅಲ್ಲಿಂದ ಭೀಮೆಯ ದಂಡೆಗೆ ಹೋದೆವು. ಸನ್ನತಿಯ ಸ್ಥಳಪುರಾಣವೂ ಒಂದು ಕಳ್ಳತನದ ಕತೆಯೇ. ನಾರಾಯಣ ಮುನಿಯ ಹೆಂಡತಿ ಚಂದ್ರವದನೆಯನ್ನು ಸೇತುರಾಜನೆಂಬ ಅರಸು ಅಪಹರಿಸಿದನಂತೆ. ಮುನಿ ದೂರು ಕೊಡಲು ಎಲ್ಲಿಗೆ ಹೋಗಬೇಕು? ದೂರು ಕೇಳಬೇಕಾದವನೇ ಕಳ್ಳ. ಕೊನೆಗೆ ದೇವಿ ದುಂಬಿಗಳ ಹಿಂಡನ್ನು ಬಿಟ್ಟು ಅರಸನ ದಂಡನ್ನು ಓಡಿಸಿದಳಂತೆ. ಚಿಕ್ಕಂದಿನಿಂದ ಕೇಳಿದ ಕತೆ. ಅದರಲ್ಲಿ ನನ್ನ ಜಾಗ ಮುನಿಯ ಪಕ್ಕದಲ್ಲಿ ಎಂದೇ ತಿಳಿದಿದ್ದೆ.

ಅದೇ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದುಂಟು. 1986ರಲ್ಲಿ ಅದರ ಮಾಳಿಗೆ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಅದರ ಎರಡೂ ಮೈಗಳ ಮೇಲೆ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ: ಅಶೋಕನ ಶಾಸನ! ವಿಗ್ರಹವನ್ನು ಕೂಡಿಸಲು ನಡುವೆ ಕೊರೆದ ತೂತಿನಲ್ಲಿ ಒಂದಿಷ್ಟು ಅಕ್ಷರಗಳು ಹೋಗಿಬಿಟ್ಟಿದ್ದವು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ದೊಡ್ಡ ಬೌದ್ಧ ಸ್ತೂಪವೊಂದು ಹೊರಬಂದಿತು. ಅಶೋಕನ ಹೆಸರು ಕೊರೆದ ಅರಸನ ಶಿಲ್ಪವೂ ಅಲ್ಲಿ ದೊರೆಯಿತು. ಆ ಶಿಲ್ಪದ ಕಲ್ಲು ಸುಣ್ಣಕಲ್ಲು, ನಮ್ಮ ಹಿತ್ತಿಲಿನ ಫರಸಿಯ ಬಂಧು.

ಇದನ್ನೆಲ್ಲ ನಾನು ತರಗತಿಯಲ್ಲಿ ವರ್ಷ ವರ್ಷವೂ ಹೇಳುತ್ತಿದ್ದೆ. ಆದರೆ ಆ ಕಲ್ಲು ಏನು ಹೇಳುತ್ತದೆಂಬುದನ್ನು ಮನಸ್ಸಿಟ್ಟು ಓದಿರಲಿಲ್ಲ. ಸನ್ನತಿಯ ಚಪ್ಪಡಿಯಲ್ಲಿರುವುದು ನಾಲ್ಕು ಶಾಸನಗಳ ಭಾಗಗಳು. ಅವುಗಳಲ್ಲಿ ಎರಡು ಅದಕ್ಕೆ ಮೊದಲು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಕಂಡಿದ್ದವು. ‘ಪ್ರತ್ಯೇಕ ಶಾಸನ’ಗಳೆಂದು ಅವುಗಳ ಹೆಸರು. ಮೊದಲನೆಯದು ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದದ್ದು. ಎಲ್ಲ ಮನುಷ್ಯರೂ ತನಗೆ ಮಕ್ಕಳ ಹಾಗೆ ಎಂದು ಹೇಳಿ, ಯಾರನ್ನೂ ಕಾರಣವಿಲ್ಲದೆ ಸೆರೆಯಲ್ಲಿಡದಂತೆ, ಹಿಂಸಿಸದಂತೆ ಎಚ್ಚರ ವಹಿಸಬೇಕೆಂದು ಅರಸು ಅದರಲ್ಲಿ ಆಜ್ಞೆ ಮಾಡುತ್ತಾನೆ. ನ್ಯಾಯ ತಪ್ಪುವುದಕ್ಕೆ ಕಾರಣಗಳನ್ನೂ ಎಣಿಸಿ ಹೇಳುತ್ತಾನೆ: ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಇದು ನಡೆಯುತ್ತಿದೆಯೆ ಎಂದು ನೋಡಲು ಐದು ವರ್ಷಕ್ಕೊಮ್ಮೆ ಒರಟನಲ್ಲದ ಅಧಿಕಾರಿಯನ್ನು ಸಂಚಾರಕ್ಕೆ ಕಳುಹಿಸುವೆನೆಂದೂ ಹೇಳುತ್ತಾನೆ.

ಸನ್ನತಿಯಿಂದ ಬಂದ ರಾತ್ರಿ ಈ ಶಾಸನದ ಅನುವಾದವನ್ನು ತೆಗೆದು ಓದಿದೆ. ‘ಆತುರ’ ಎಂಬ ಮಾತಿನಲ್ಲಿ ನಿಂತೆ. ಇದು ಅಧಿಕಾರಿಗಳಿಗೆ ಬರೆದ ಕಾಗದ, ನನಗಲ್ಲ ಎಂದು ಹೇಳಿಕೊಳ್ಳಬಹುದಾಗಿತ್ತು. ಆದರೆ ಅಧಿಕಾರಿಯ ಕೈಗೆ ಹೆಸರನ್ನು ಬರೆದುಕೊಟ್ಟವನು ಯಾರು?

ನಮ್ಮ ಸೀಮೆಗೆ ಈ ವಿಷಯದಲ್ಲಿ ಹೇಳುವುದು ಇನ್ನೂ ಇದೆ. ಶಹಾಬಾದದ ಬಳಿಯ ಮರತೂರು ವಿಜ್ಞಾನೇಶ್ವರನ ಊರೆಂದು ನಮ್ಮ ಜನರ ಹೆಮ್ಮೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತ ಬರೆದ ‘ಮಿತಾಕ್ಷರ’ವು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಆ ಸ್ಮೃತಿಯಲ್ಲಿ ಕಳವಿನ ಮಾತು ಬರುತ್ತದೆ. ಕಳವಾದ ಸೊತ್ತನ್ನು ಪ್ರಜೆಗೆ ಕೊಡಿಸುವುದು ಅರಸನ ಹೊಣೆ. ಕೊಡದಿದ್ದರೆ ಪಾಪ ಅರಸನಿಗೆ. ಕಳ್ಳನ ಹೆಜ್ಜೆ ಊರಿನಿಂದ ಹೊರಗೆ ಹೋದದ್ದು ಕಾಣದಿದ್ದರೆ ಊರಿನ ಮುಖ್ಯಸ್ಥನೇ ಉತ್ತರ ಹೇಳಬೇಕು. ನೋಡಿ, ಎಷ್ಟು ವ್ಯತ್ಯಾಸ! ಅಲ್ಲಿ ಕಳವಾದಾಗ ಮೊದಲು ಕೇಳುವುದು, ಕಾಯಬೇಕಾದವರು ಎಲ್ಲಿದ್ದರು ಎಂದು. ನಾವು ಮೊದಲು ಕೇಳುವುದು, ಹಳ್ಳದ ಆಚೆ ಯಾರಿದ್ದಾರೆ ಎಂದು.

ಗೋಡೆಯ ಮಾತಿಗೂ ನಮ್ಮಲ್ಲಿ ಇತಿಹಾಸವುಂಟು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅದರ ಕೋಟೆ ಸಣ್ಣದಲ್ಲ. 972ರಲ್ಲಿ ಮಾಳವದ ಪರಮಾರ ಸೀಯಕನು ಬಂದು ಆ ರಾಜಧಾನಿಯನ್ನು ಸೂರೆಮಾಡಿದನು. ಧನಪಾಲನೆಂಬ ಕವಿ ತನ್ನ ತಂಗಿಗಾಗಿ ಬರೆದ ಪ್ರಾಕೃತ ನಿಘಂಟಿನಲ್ಲಿ, ಪುಸ್ತಕ ಬರೆದ ಕಾಲವನ್ನು ಮಾನ್ಯಖೇಟ ಸೂರೆಹೋದದ್ದರ ಮೂಲಕ ಗುರುತಿಸುತ್ತಾನೆ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆ ಹುಟ್ಟಿದ್ದು ಎಲ್ಲಿಯೋ ಕಾಣೆ. ಮಳಖೇಡದಲ್ಲಿ ಹುಟ್ಟಿದ್ದರೂ ಸಲ್ಲುತ್ತಿತ್ತು.

ಇನ್ನೊಂದು ಬಗೆಯ ಗೋಡೆಯೂ ಇತ್ತು. 1871ರಲ್ಲಿ ಬ್ರಿಟಿಷ್ ಸರಕಾರವು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಹೆಸರಿಸುವ ಕಾಯಿದೆಯನ್ನು ತಂದಿತು. ಮುಂಬಯಿ ಪ್ರಾಂತ್ಯದಲ್ಲಿ ಅಂಥ ಜನರನ್ನು ಹುಬ್ಬಳ್ಳಿ, ಗದಗ, ವಿಜಾಪುರಗಳ ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ಆ ಕಾಯಿದೆ 1952ರಲ್ಲಿ ರದ್ದಾಯಿತು. ಕಾಗದದ ಮೇಲಿನ ಅಕ್ಷರ ಅಳಿಯಿತು, ಮನಸ್ಸಿನ ಮೇಲಿನದು ಅಳಿಯಿತೆ? ಏಜೆಂಟ ‘ಆ ಮಂದಿ’ ಎಂದಾಗ ನಾನು ಸಿಟ್ಟಾಗುವ ಮೊದಲು, ಠಾಣೆಯ ಮೇಜಿನ ಮೇಲೆ ನಾನು ಬರೆದ ಪುಟ ನೆನಪಿಗೆ ಬಂದು ಸುಮ್ಮನಾದೆ.

ಹಾಗಾದರೆ ಮನೆ ಕೊಳ್ಳುವವನು ಭದ್ರತೆಯ ವಿಷಯ ಕೇಳಲೇಬಾರದೆ? ಕೇಳಬೇಕು. ನಾನೂ ಕೇಳಿದೆ, ಈ ಸಲ ಏಜೆಂಟನನ್ನಲ್ಲ. ಬಡಾವಣೆಗೆ ಮೂರು ಸಲ ಹೋದೆ: ಒಮ್ಮೆ ನಡುಮಧ್ಯಾಹ್ನ, ಒಮ್ಮೆ ದೀಪ ಹಚ್ಚುವ ಹೊತ್ತಿಗೆ, ಒಮ್ಮೆ ರಾತ್ರಿ ಹತ್ತಕ್ಕೆ. ಹನ್ನೊಂದು ದೀಪದ ಕಂಬಗಳಲ್ಲಿ ನಾಲ್ಕು ಉರಿಯುತ್ತಿದ್ದವು. ನಲವತ್ತು ಪ್ಲಾಟುಗಳಲ್ಲಿ ಮನೆ ಎದ್ದದ್ದು ಒಂಬತ್ತು. ಬೆಳಕು ಇದ್ದದ್ದು ಐದರಲ್ಲಿ. ಮಿಕ್ಕ ಪ್ಲಾಟುಗಳ ಒಡೆಯರು ಬೆಲೆ ಏರಲೆಂದು ಕೊಂಡಿಟ್ಟು ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ ಇದ್ದಾರೆ. ಒಳ್ಳೆಯ ಮಂದಿ ಎಲ್ಲರೂ ಕೊಂಡಿದ್ದಾರೆಂಬುದು ನಿಜವೇ. ಆದರೆ ಅಲ್ಲಿ ಯಾರೂ ಇಲ್ಲ! ಜಾಲಿ ಬೆಳೆದ ಖಾಲಿ ಪ್ಲಾಟು, ಉರಿಯದ ದೀಪ, ತಿಂಗಳುಗಟ್ಟಲೆ ಬೀಗ ಹಾಕಿದ ಮನೆ: ಕಳ್ಳನಿಗೆ ಇವಕ್ಕಿಂತ ಒಳ್ಳೆಯ ನೆರೆಹೊರೆ ಬೇಕೆ? ಗಸ್ತಿನ ಪೇದೆಯೊಬ್ಬರನ್ನು ಮಾತನಾಡಿಸಿದೆ. ಅವರೂ ಅದನ್ನೇ ಹೇಳಿದರು. ಊರಿಗೆ ಹೋಗುವಾಗ ಠಾಣೆಗೊಂದು ಮಾತು ತಿಳಿಸಿ, ಬಾಗಿಲ ಮುಂದೆ ಪತ್ರಿಕೆಗಳು ಗುಡ್ಡೆ ಬೀಳದಂತೆ ನೋಡಿಕೊಳ್ಳಿ, ಏನಾದರೂ ಕಂಡರೆ 112ಕ್ಕೆ ಫೋನು ಮಾಡಿ ಎಂದರು. ನಾನು ಚಿಕ್ಕವನಿದ್ದಾಗ ಅಜ್ಜನ ಹಳ್ಳಿಯಲ್ಲಿ ಹಿರಿಯರು ಹಳೆಯ ಕಾಲದ ತಳವಾರನ ಮಾತು ಹೇಳುತ್ತಿದ್ದರು. ನಡುರಾತ್ರಿ ಅವನ ಕೂಗು ಕೇಳಿ ಮಗ್ಗುಲಾಗಿ ಮತ್ತೆ ನಿದ್ರೆ ಹೋಗುತ್ತಿದ್ದರಂತೆ. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಹೋದವು. ಹೋದದ್ದು ಒಳ್ಳೆಯದೇ, ಹುಟ್ಟಿನಿಂದ ಯಾರೂ ಕಾವಲುಗಾರನಾಗಬಾರದು. ಆದರೆ ಎಚ್ಚರವಿರುವ ಒಂದು ಜೊತೆ ಕಣ್ಣು ಬೇಕೆಂಬುದು ಮಾತ್ರ ಹೋಗಿಲ್ಲ.

ಆ ಕಣ್ಣು ಎಲ್ಲಿದೆಯೆಂಬುದು ಮೂರನೆಯ ಭೇಟಿಯಲ್ಲಿ ಕಂಡಿತು. ರಾತ್ರಿ ಹತ್ತಕ್ಕೆ ನಾನು ಬಡಾವಣೆಯ ಕತ್ತಲಲ್ಲಿ ಒಬ್ಬನೇ ನಿಂತಿದ್ದೆ. ಹಳ್ಳದ ಆಚೆಯಿಂದ ಒಂದು ಹೆಣ್ಣುದನಿ, “ಯಾರದು?” ಎಂದಿತು. ತಗಡಿನ ಮನೆಗಳ ಮುಂದೆ ಸೆಕೆಗೆ ಹೊರಗೆ ಕುಳಿತ ಮೂವರು ಹೆಂಗಸರು. ಐದು ಬೆಳಕಿನ ಮನೆಗಳಲ್ಲಿ ಒಂದರಿಂದಲೂ ಆ ಪ್ರಶ್ನೆ ಬಂದಿರಲಿಲ್ಲ. ನಾನು ಹೆಸರು ಹೇಳಿದೆ. ಆಚೆ ಕಡೆ ಕ್ಷಣಹೊತ್ತು ಮೌನ. ಆಮೇಲೆ, “ಮಾಸ್ತರಾ?” ಎಂದು ಗುರುತು ಹಿಡಿದ ದನಿ. ಅದು ಆ ತಾಯಿಯದು.

ಮನೆಗೆ ಬರುತ್ತ ದಾರಿಯಲ್ಲಿ ನನಗೊಂದು ವಿಚಾರ ಹೊಳೆಯಿತು. ಇಷ್ಟು ದಿನ ನಾನು ಕೇಳುತ್ತಿದ್ದುದು ಈ ಜಾಗ ನಮಗೆ ಕ್ಷೇಮವೆ ಎಂದು. ಹಳ್ಳದ ಆಚೆಯವರೂ ಅದೇ ಪ್ರಶ್ನೆಯನ್ನು ಕೇಳಬಾರದೆ? ಎದುರಿಗೆ ಹೊಸದಾಗಿ ಬರುವವರು ಎಂಥ ಮಂದಿ? ಅವರ ಮನೆಯಲ್ಲಿ ಒಂದು ಚಮಚ ಕಾಣೆಯಾದರೆ ನಮ್ಮ ಮಕ್ಕಳ ಗತಿ ಏನು? ಹಿಂದೆ ಹಾಗೆ ಏನಾದರೂ ಮಾಡಿದ್ದಾರೆಯೆ? ಈ ವಿಚಾರಣೆ ನಡೆದರೆ ನಾನು ತೇರ್ಗಡೆಯಾಗುವಂತಿರಲಿಲ್ಲ.

ಪ್ಲಾಟನ್ನು ಕೊಂಡೆವು. ಹಳ್ಳದ ಕಡೆಯ ಸಾಲಿನಲ್ಲಿ ಯಾರೂ ಕೇಳದೆ ಉಳಿದದ್ದು. ಬೆಲೆಯೂ ಸ್ವಲ್ಪ ಇಳಿಯಿತು. ಏಳು ಫೂಟಿನ ಗೋಡೆ ಬೇಡವೆಂದು, ಅಲ್ಲಿ ಮನೆ ಕಟ್ಟಿಕೊಂಡವರೆಲ್ಲ ಸೇರಿ ಬರೆದುಕೊಟ್ಟೆವು. ಅದರ ಬದಲು ಉರಿಯದ ಏಳು ದೀಪಗಳನ್ನು ಉರಿಸಿಕೊಡಿರೆಂದೆವು. ಎಲ್ಲರೂ ಸುಲಭವಾಗಿ ಒಪ್ಪಿದರೆಂದು ಹೇಳಲಾರೆ. ಇಬ್ಬರು ಈಗಲೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ. ದೀಪಗಳು ಐದು ಬಂದಿವೆ.

ಮನೆಗೆ ಫರಸಿ ಹಾಸುವ ಹೊತ್ತಿಗೆ ಆ ತಾಯಿಯ ಹತ್ತಿರ ಹೋಗಿ, ನಿಮ್ಮ ಮಗ ಬಂದು ಹಾಸಿಕೊಟ್ಟರೆ ನಮಗೆ ಸಂತೋಷವೆಂದು ಹೇಳಿದೆ. ಆಕೆ ಪುಣೆಗೆ ಫೋನು ಹಚ್ಚಿ ಕೇಳಿದಳು. ಆ ಕಡೆಯಿಂದ ಉತ್ತರ ಬರಲು ತಡವಾಗಲಿಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಲಿ ಎಂದನಂತೆ. ಬೇರೆಯವರು ಬಂದು ಹಾಸಿದರು. ನೆಲವೇನೋ ಚೆನ್ನಾಗಿಯೇ ಇದೆ.

ಕಳೆದ ತಿಂಗಳು ಮತ್ತೆ ಸನ್ನತಿಗೆ ಹೊರಟೆವು. ಹೊಸ ಮನೆಗೆ ಬಂದ ಮೇಲೆ ಮೊದಲ ಸಲ ನಾಲ್ಕು ದಿನ ಬೀಗ ಹಾಕಿ ಹೋಗುವುದು. ಠಾಣೆಗೆ ತಿಳಿಸಿದೆ, ಪತ್ರಿಕೆಯವನಿಗೆ ಹೇಳಿದೆ. ನನ್ನ ಹೆಂಡತಿ ನನ್ನನ್ನು ಕೇಳದೆ ಹಳ್ಳ ದಾಟಿ ಹೋಗಿ, “ನಾಕ್ ದಿನ ನಾವು ಊರಾಗ ಇರಂಗಿಲ್ಲವ್ವ, ಮನಿ ಕಡಿ ಸ್ವಲ್ಪ ನೋಡ್ಕೋರಿ,” ಎಂದು ಹೇಳಿ ಬಂದಳು.

“ಏನಂದಳು?” ಎಂದು ಕೇಳಿದೆ.

“ನೋಡ್ತೀವಿ ಅಂದಳು. ಆದರೆ ಏನಾದರೂ ಆದರೆ ನಮ್ಮ ಹೆಸರು ಬರ್ಕೊಡಬ್ಯಾಡ್ರಿ ಅಂತ ಹೇಳಿದಳು.”

ನಾನು ಆಗ ಬಾಗಿಲ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡುತ್ತಿದ್ದೆ. ಕೈ ಅಲ್ಲಿಯೇ ನಿಂತಿತು.